ವಾಕಿಂಗ್ ಒಂದೇ ಸಾಲದು, ತೊಡೆಗೂ ಕಸರತ್ತು ಬೇಕು

ಅರವತ್ತು ದಾಟಿದ ತಾಯಂದಿರೇ, ಮಹನೀಯರೇ,

ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ. ಬಸ್ಸು ಪ್ಲಾಟ್‌ಫಾರಂನಿಂದ ಒಂದು ಮಾರು ಆಚೆ ನಿಲ್ಲುತ್ತದೆ. ಅಜ್ಜಿಯೊಬ್ಬರು ಕೈಚೀಲವನ್ನು ಮೊದಲು ಮೇಲಿಟ್ಟು, ಎರಡೂ ಕೈಯಲ್ಲಿ ಕಂಬಿ ಹಿಡಿದು, ತೋಳಿನ ಬಲದಿಂದಲೇ ಮೈ ಎಳೆದುಕೊಳ್ಳುತ್ತಾರೆ. ನಿಲ್ದಾಣದವರೆಗೆ ನಡೆದೇ ಬಂದವರು ಅವರು. ಸೋತದ್ದು ತೊಡೆ. ಶಕ್ತಿ ಯೋಜನೆಯಿಂದ 2023ರ ಜೂನ್‌ನಲ್ಲೇ ಹೆಂಗಸರಿಗೆ ಟಿಕೆಟ್ ಉಚಿತವಾಯಿತು. ಮೊದಲ ಮೆಟ್ಟಿಲೇ ಹತ್ತಲಾಗದಿದ್ದರೆ ಏನು ಬಂತು?

ಸ್ಯಾಂಕಿ ಕೆರೆ ದಂಡೆಯಲ್ಲೋ ಕೃಷ್ಣರಾವ್ ಪಾರ್ಕಿನಲ್ಲೋ ದಿನಾ ಸುತ್ತು ಹಾಕುತ್ತೇವಲ್ಲ ಎನ್ನುತ್ತೀರಿ. ಹಾಕಿ. ಹೃದಯಕ್ಕೆ ಒಳ್ಳೆಯದು, ಶುಗರ್‌ಗೂ ಒಳ್ಳೆಯದು. ಆದರೆ ಮಟ್ಟಸ ನೆಲದ ನಡಿಗೆ ತೊಡೆಯನ್ನು ಅಷ್ಟಾಗಿ ದುಡಿಸುವುದಿಲ್ಲ. 65 ದಾಟಿದವರು ನಡಿಗೆಯ ಜೊತೆಗೆ ವಾರಕ್ಕೆ ಕನಿಷ್ಠ 2 ದಿನ ಸ್ನಾಯು ಬಲಪಡಿಸುವ ವ್ಯಾಯಾಮ, 3 ದಿನ ಸಮತೋಲನದ ಅಭ್ಯಾಸ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿರುವುದು ಸುಮ್ಮನೆ ಅಲ್ಲ.

‘ಈ ವಯಸ್ಸಲ್ಲಿ ಕಸರತ್ತೇ?’ ಬಾಸ್ಟನ್‌ನಲ್ಲಿ 90ರ ಆಸುಪಾಸಿನ ಹತ್ತು ಮಂದಿ ನಿತ್ರಾಣರನ್ನು 8 ವಾರ ಕಾಲಿನಿಂದ ಭಾರ ಎತ್ತಿಸಲು ಹಚ್ಚಿದರು. ಪೂರೈಸಿದವರ ತೊಡೆಯ ಬಲ ಸರಾಸರಿ ಎರಡೂವರೆ ಪಟ್ಟು ಮೀರಿತು. 1990ರಲ್ಲೇ ಪ್ರಕಟವಾದ ಸಂಗತಿ. ಇನ್ನು ನಮ್ಮೂರು? ‘ರೂಪದರ್ಶಿ’, ‘ಶಾಂತಲಾ’ ಕಾದಂಬರಿ ಬರೆದ ಕೆ.ವಿ. ಅಯ್ಯರ್ ಹರ್ಕ್ಯುಲಿಸ್ ಜಿಮ್ನೇಸಿಯಂ ನಡೆಸಿದ್ದು ಇದೇ ಬೆಂಗಳೂರಲ್ಲಿ. ಸಾಮು ಹುಡುಗರ ಸ್ವತ್ತು ಅಂತ ಯಾರು ಬರೆದುಕೊಟ್ಟರು?

ಒಂದು ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿಡಿ. ಕೈ ಎದೆಗೆ ಕಟ್ಟಿ 5 ಸಲ ಎದ್ದು ಕೂರಿ. 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ, ಏಷ್ಯಾದ ತಜ್ಞರು 2019ರಲ್ಲಿ ಹಾಕಿದ ಲೆಕ್ಕದ ಪ್ರಕಾರ, ಮೈಯ ಕಸುವು ಕುಗ್ಗಿದೆ. ಪರೀಕ್ಷೆಯೂ ಇದೇ, ಮದ್ದೂ ಇದೇ: ದಿನ ಬಿಟ್ಟು ದಿನ ಎಂಟು-ಹತ್ತು ಸಲ ಎದ್ದು ಕೂರುವುದು. ದೊಪ್ಪೆಂದು ಬೀಳಬೇಡಿ, ನಿಧಾನವಾಗಿ ಇಳಿಯಿರಿ. ಬಲ ಬರುವುದು ಅಲ್ಲೇ. ಸಲೀಸಾದ ಮೇಲೆ ಎರಡು ಕೆಜಿ ಅಕ್ಕಿ ಚೀಲ ಎದೆಗವಚಿಕೊಳ್ಳಿ. ಮಿಕ್ಕ ದಿನ ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ, ಒಂಟಿ ಕಾಲಲ್ಲಿ ನಿಲ್ಲಿ. ಎದೆನೋವು ಇರುವವರು, ಮಂಡಿ ಆಪರೇಷನ್ ಆದವರು ಮೊದಲು ಡಾಕ್ಟರನ್ನು ಕೇಳಿ. ಇನ್ನು ಊಟದ ಮಾತು: ರಾತ್ರಿ ಕಾಫಿ-ಬನ್ನಿನಲ್ಲಿ ಮುಗಿಸುವವರಿಗೆ ಮಾಂಸಖಂಡ ಎಲ್ಲಿಂದ ಬರಬೇಕು? ಬೇಳೆ, ಹೆಸರುಕಾಳು, ಮೊಸರು, ಒಗ್ಗಿದರೆ ಮೊಟ್ಟೆ ತಟ್ಟೆಯಲ್ಲಿರಲಿ.

ಮಕ್ಕಳಿಗೂ ಒಂದು ಮಾತು. ‘ನೀವು ಕೂತಿರಿ ಅಮ್ಮ, ನಾನೇ ತರ್ತೀನಿ’ ಎನ್ನುವುದು ಪ್ರೀತಿಯೇ, ಆದರೆ ದಿನವಿಡೀ ಕೂರಿಸಿದರೆ ಕಾಲು ಕೆಟ್ಟೀತು. ನೀರಿನ ಲೋಟಕ್ಕೆ ಅವರೇ ಏಳಲಿ.