ಬಲ್ಬ್ ಕಂಪನಿಯ ಹೊಟ್ಟೆಯೊಳಗೆ

ಹುಲಗೂರಿನಂಥ ಊರಿಂದ ಬಂದ ನಮಗೆ ಸಿಟಿ ಸ್ಕ್ಯಾನ್ ಅಂದ್ರೆ ಹುಬ್ಬಳ್ಳಿ ಬಸ್ ಹತ್ತೋದು, ಕೈಸಾಲ ಮಾಡೋದು. ಆ ಮಷಿನ್ ಒಳಗೆ ಮೆಕ್ಯಾನಿಕಲ್‌ನವರಿಗೆ ಏನು ಕೆಲಸ ಅಂತ ನಾವ್ಯಾರೂ ಕೇಳಿಲ್ಲ.

ಜಿಇ ಕಂಪನಿಯನ್ನೇ ನೋಡ್ರಿ. ಬಲ್ಬಿನ ತಂತಿಗಾಗಿ ಟಂಗ್‌ಸ್ಟನ್ ಪಳಗಿಸಿದ ಅಲ್ಲಿನ ವಿಲಿಯಂ ಕೂಲಿಜ್, 1913ರಲ್ಲಿ ಅದೇ ಲೋಹ ಬಳಸಿ ಹೊಸ ಬಗೆಯ ಎಕ್ಸ್-ರೇ ಟ್ಯೂಬ್ ಕಟ್ಟಿದರು. 1969ರಲ್ಲಿ ಶುರುವಾದ ತಾರಾಪುರದ ಮೊದಲೆರಡು ಅಣು ರಿಯಾಕ್ಟರ್‌ಗಳೂ ಇದೇ ಜಿಇ ವಿನ್ಯಾಸದವು. 1990ರಲ್ಲಿ ವಿಪ್ರೋ ಜೊತೆ ಸೇರಿದ ಜಿಇ, ಬೆಂಗಳೂರಲ್ಲೇ ಸ್ಕ್ಯಾನರ್ ಮಾಡತೊಡಗಿತು. ನಮಗೋ, ವಿಪ್ರೋ ಅಂದ್ರೆ ಕೋಡಿಂಗ್ ಮಾತ್ರ!

ಟ್ಯೂಬಿಗೆ ಕೊಟ್ಟ ಶಕ್ತಿಯಲ್ಲಿ ಎಕ್ಸ್-ರೇ ಆಗೋದು ಸುಮಾರು ಶೇ. 1. ಉಳಿದದ್ದೆಲ್ಲ ಶಾಖ. ಒಂದೇ ಜಾಗ ಕಾದು ಕರಗಬಾರದೆಂದು ಆನೋಡ್ ತಟ್ಟೆಯನ್ನು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗಿಸಬೇಕು, ಅದೂ ನಿರ್ವಾತದಲ್ಲಿ. ಅಲ್ಲಿ ಮಾಮೂಲಿ ಗ್ರೀಸ್ ನಡೆಯಲ್ಲ. ಆ ಬೇರಿಂಗ್, ಆ ಶಾಖ ಹೊರಹಾಕುವ ಲೆಕ್ಕ, ಟ್ಯೂಬ್ ಹೊತ್ತ ಭಾರದ ಚೌಕಟ್ಟನ್ನು ರೋಗಿಯ ಸುತ್ತ ಅಲುಗದಂತೆ ಗಿರಗಿರ ತಿರುಗಿಸೋದು, ಎಲ್ಲಾ ನಮ್ಮ ಸಿಲೆಬಸ್ಸೇ.

‘ಕೋರ್ ಕಂಪನಿಗಳು ಬರಲ್ಲ’ ಅನ್ನೋ ಗೊಣಗಾಟ ಸುಳ್ಳೇನಲ್ಲ. ಆದರೆ ಕೋರ್ ಅಂದ್ರೆ ಕಾರು, ಪಂಪು ಇಷ್ಟೇ ಅಂದುಕೊಂಡು ಹುಡುಕೋರೂ ನಾವೇ. ವೈದ್ಯಕೀಯ ಉಪಕರಣ ಮಾಡುವವರಿಗೂ ಪ್ಲೇಸ್‌ಮೆಂಟ್ ಸೆಲ್ ಒಂದು ಪತ್ರ ಬರೆಯಲಿ. ಈ ಸಲದ ಇಂಡಸ್ಟ್ರಿಯಲ್ ವಿಸಿಟ್, ಗೋವಾ ದಾರಿಯ ಯಾವುದೋ ಫ್ಯಾಕ್ಟರಿ ಬಿಟ್ಟು ಬೆಂಗಳೂರಿನ ಕಡೆ ತಿರುಗಲಿ. ಬೀಚ್ ಸಿಗಲ್ಲ, ಇರಲಿ ಬಿಡ್ರಿ.