ಮಂಗಳೂರು–ಬೆಂಗಳೂರು: ವಿಮಾನದ ಒಂದು ಗಂಟೆ, ಘಾಟಿಯ ಇಡೀ ರಾತ್ರಿ

ಬಜ್ಪೆಯಿಂದ ಬೆಂಗಳೂರಿಗೆ ವಿಮಾನದಲ್ಲಿ ಎಷ್ಟು ಹೊತ್ತು ಎಂದು ಕೇಳಿದರೆ ಸಿಗುವ ಉತ್ತರ ಒಂದೇ: ಒಂದು ಗಂಟೆ. ಉತ್ತರ ತಪ್ಪಲ್ಲ. ಎರಡು ವಿಮಾನ ನಿಲ್ದಾಣಗಳ ನಡುವಿನ ನೇರ ಅಂತರ ಸುಮಾರು 305 ಕಿ.ಮೀ. ರಸ್ತೆಯಲ್ಲಿ ಹೋದರೆ ಸುಮಾರು 350 ಕಿ.ಮೀ. ಆದರೆ ಮನೆಬಾಗಿಲಿನಿಂದ ಲೆಕ್ಕ ಹಾಕಿದರೆ ವಿಷಯ ಬೇರೆಯೇ ಆಗುತ್ತದೆ.

ನಗರದಿಂದ ಬಜ್ಪೆಗೆ ಮುಕ್ಕಾಲು ಗಂಟೆ ಬೇಕು. ವಿಮಾನ ಹೊರಡುವ ಎರಡು ಗಂಟೆ ಮೊದಲೇ ಅಲ್ಲಿರಬೇಕು. ಹಾರಾಟಕ್ಕೆ ಒಂದು ಗಂಟೆ, ಇಳಿದು ಸಾಮಾನು ಪಡೆಯಲು ಅರ್ಧ ಗಂಟೆ. ದೇವನಹಳ್ಳಿಯಿಂದ ಬೆಂಗಳೂರು ನಗರಕ್ಕೆ ಒಂದೂಕಾಲು ಗಂಟೆ. ಒಟ್ಟು ಐದೂವರೆ ಗಂಟೆ. ರಾತ್ರಿ ಬಸ್ಸಿಗೆ ಏಳೆಂಟು ಗಂಟೆ ಸಾಕು. ಅಂದರೆ ಉಳಿಯುವುದು ಎರಡು ಗಂಟೆಯ ಆಸುಪಾಸು. 2008ರ ಮೇ 24ರಂದು ವಿಮಾನಗಳು ನಗರದೊಳಗಿನ ಎಚ್‌ಎಎಲ್ ನಿಲ್ದಾಣ ಬಿಟ್ಟು ದೇವನಹಳ್ಳಿಗೆ ಹೋದವು. ಹಾರಾಟದ ಹೊತ್ತು ಹೆಚ್ಚಲಿಲ್ಲ, ಪ್ರಯಾಣದ ಹೊತ್ತು ಹೆಚ್ಚಿತು.

ಪುತ್ತೂರು, ಬೆಳ್ತಂಗಡಿಯವರ ಸ್ಥಿತಿ ಇನ್ನೂ ವಿಚಿತ್ರ. ಬೆಂಗಳೂರು ಇರುವುದು ಪೂರ್ವಕ್ಕೆ. ವಿಮಾನ ಹಿಡಿಯಲು ಅವರು ಮೊದಲು ಪಶ್ಚಿಮಕ್ಕೆ ಬರಬೇಕು. ಬಜ್ಪೆ ತಲಪುವ ಹೊತ್ತಿಗೆ ಬಸ್ಸು ಘಾಟಿ ಹತ್ತುತ್ತಿರುತ್ತದೆ.

ಹಾಗಾದರೆ ವಿಮಾನ ಬೇಡವೇ? ನಾವು ಹಾಗೆನ್ನುವುದಿಲ್ಲ. ಬೆಳಿಗ್ಗೆ ಹೋಗಿ ಸಂಜೆ ಮರಳಬೇಕಾದವರಿಗೆ, ಬಸ್ಸಿನಲ್ಲಿ ಕುಳಿತುಕೊಳ್ಳಲಾಗದ ವೃದ್ಧರಿಗೆ ಅದೊಂದು ದೊಡ್ಡ ಅನುಕೂಲ. ನಮ್ಮ ಆಕ್ಷೇಪವಿರುವುದು ವಿಮಾನವಿದೆ, ಇನ್ನೇನು ಕೊರತೆ ಎಂಬ ಧೋರಣೆಗೆ. ಕಿದ್ವಾಯಿಗೋ ನಿಮ್ಹಾನ್ಸ್‌ಗೋ ರೋಗಿಯನ್ನು ತಿಂಗಳು ತಿಂಗಳು ಕರೆದೊಯ್ಯುವ ಕೂಲಿ ಕುಟುಂಬಕ್ಕೆ ಇಬ್ಬರ ವಿಮಾನ ಟಿಕೆಟು ಕೈಗೆಟಕುವುದಿಲ್ಲ. ಅವರಿಗೆ ಇರುವುದು ಬಸ್ಸು ಮತ್ತು ರೈಲು. ಎರಡೂ ಘಾಟಿಯನ್ನೇ ನಂಬಿವೆ.

ಆ ಘಾಟಿಯ ಕಥೆ ನಮಗೆಲ್ಲ ಗೊತ್ತು. ಗೇಜ್ ಪರಿವರ್ತನೆಗಾಗಿ 1996ರಲ್ಲಿ ನಿಂತ ಪ್ರಯಾಣಿಕ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ತನಕ 55 ಕಿ.ಮೀ.ಯಲ್ಲಿ 57 ಸುರಂಗಗಳು. 50 ಅಡಿ ಸಾಗಿದರೆ ಒಂದು ಅಡಿ ಏರು. ವೇಗದ ಮಿತಿ ಗಂಟೆಗೆ 30 ಕಿ.ಮೀ. ಇಷ್ಟು ದಾಟಲು ಎರಡು ಗಂಟೆಗೂ ಮಿಕ್ಕಿ ಬೇಕು. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ಭೂಕುಸಿತವಾಗಿ ರೈಲುಗಳು ದಿನಗಟ್ಟಲೆ ನಿಂತವು. ಮಳೆಗಾಲದಲ್ಲಿ ಶಿರಾಡಿ ರಸ್ತೆಯೂ ಮುಚ್ಚಿದರೆ ಉಳಿಯುವುದು ಚಾರ್ಮಾಡಿ, ಸಂಪಾಜೆಯಂಥ ಸುತ್ತುದಾರಿಗಳು. ಅವುಗಳಿಗೂ ಅದೇ ಗುಡ್ಡ, ಅದೇ ಮಳೆ. ಬೇಡಿಕೆ ಹೆಚ್ಚಿದಂತೆ ದರ ಏರುವುದು ವಿಮಾನ ಟಿಕೆಟಿನ ಪದ್ಧತಿ. ಹೀಗಾಗಿ ಬಡವನಿಗೆ ವಿಮಾನ ಅತಿ ಅಗತ್ಯವಾದ ದಿನವೇ ಅದು ಅತಿ ದುಬಾರಿಯಾಗಬಹುದು.

ಆದುದರಿಂದ ನಮ್ಮ ಜನಪ್ರತಿನಿಧಿಗಳು ಹೆಚ್ಚುವರಿ ವಿಮಾನ ಕೇಳುವಷ್ಟೇ ಒತ್ತಾಯದಿಂದ ಘಾಟಿಯ ಕೆಲಸವನ್ನೂ ಕೇಳಬೇಕು. ಕುಸಿಯುವ ಗುಡ್ಡಗಳಿಗೆ ಮಳೆಗೆ ಮೊದಲೇ ತಡೆಗೋಡೆ, ನೀರು ಹರಿಯಲು ಸರಿಯಾದ ಚರಂಡಿ, ರೈಲಿನಲ್ಲಿ ಹೆಚ್ಚು ಸಾಮಾನ್ಯ ಬೋಗಿಗಳು, ದಾರಿ ಮುಚ್ಚಿದಾಗ ರೋಗಿಗಳಿಗೆ ಬದಲಿ ವ್ಯವಸ್ಥೆ. ಇವು ಯಾವುವೂ ಅಸಾಧ್ಯದ ಬೇಡಿಕೆಗಳಲ್ಲ. ಬೆಂಗಳೂರು ನಮಗೆಷ್ಟು ಹತ್ತಿರ ಎಂಬುದನ್ನು ವಿಮಾನದ ವೇಳಾಪಟ್ಟಿ ನೋಡಿ ತೀರ್ಮಾನಿಸಬೇಡಿ. ಆಷಾಢದ ಮಳೆಯಲ್ಲಿ ಉಪ್ಪಿನಂಗಡಿಯಲ್ಲಿ ರೋಗಿಯೊಂದಿಗೆ ಬಸ್ಸಿಗಾಗಿ ಕಾಯುತ್ತಿರುವವರನ್ನು ಕೇಳಿ.