ಬಾಕಿ ಪಿಂಚಣಿಯ ತೆರಿಗೆ: ಆಳಂದ, ಅಫಜಲಪುರ, ಜೇವರ್ಗಿಯ ಬಲ್ಲವರಲ್ಲಿ ಒಂದು ಮನವಿ

ಕಾಯಿಲೆಯಿಂದಲೋ ಅಪಘಾತದಿಂದಲೋ ದುಡಿಯುವ ಶಕ್ತಿ ಕಳೆದುಕೊಂಡು, ವೈದ್ಯಕೀಯ ಪ್ರಮಾಣಪತ್ರದ ಮೇಲೆ ಅವಧಿಗೆ ಮುನ್ನವೇ ನಿವೃತ್ತರಾಗುವ ಶಿಕ್ಷಕರು, ಪೊಲೀಸರು, ಕಚೇರಿ ಸಿಬ್ಬಂದಿಗೆ ಸಿಗುವ ಅಶಕ್ತತಾ ಪಿಂಚಣಿಯು 1961ರ ಆದಾಯ ತೆರಿಗೆ ಕಾಯ್ದೆಯ ಕಣ್ಣಿನಲ್ಲಿ ಸಂಬಳವೇ ಆಗಿದೆ. ಅಂಗವೈಕಲ್ಯದಿಂದ ಸೇನೆ ಬಿಡಬೇಕಾದ ಯೋಧರ ಪಿಂಚಣಿಗೆ ಇರುವ, ತೆರಿಗೆ ಇಲಾಖೆಯ 2019ರ ಜೂನ್ 24ರ ಸುತ್ತೋಲೆ ಸ್ಪಷ್ಟಪಡಿಸಿದ ವಿನಾಯಿತಿ ರಾಜ್ಯ ಸರ್ಕಾರಿ ನೌಕರರಿಗೆ ಅನ್ವಯಿಸುವುದಿಲ್ಲ. ಗಾಯ ಒಂದೇ ಬಗೆಯದಾದರೂ ಲೆಕ್ಕ ಬೇರೆಯಾಗುವ ಈ ತಾರತಮ್ಯ ನ್ಯಾಯವೆನಿಸದು. ಉಪದಾನ, ಕಮ್ಯುಟೇಷನ್ ಮೊತ್ತ, ನಿವೃತ್ತಿಯ ವೇಳೆಯ ರಜೆ ನಗದೀಕರಣಗಳಿಗೆ ಸರ್ಕಾರಿ ನೌಕರರು ತೆರಿಗೆ ಕಟ್ಟಬೇಕಿಲ್ಲ.

ಶೇ. 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯವಿದ್ದವರ ಆದಾಯದಲ್ಲಿ 75,000 ರೂಪಾಯಿಯನ್ನೂ, ಶೇ. 80 ಮುಟ್ಟಿದವರಿಗೆ 1,25,000 ರೂಪಾಯಿಯನ್ನೂ ಕಳೆಯುವ 80-ಯು ಕಲಮು ಹಳೆಯ ತೆರಿಗೆ ಪದ್ಧತಿಗಷ್ಟೇ ಸೀಮಿತ. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆಯೇ ಬಾರದ ಕಾರಣ ಸಣ್ಣ ಪಿಂಚಣಿದಾರರಿಗೆ ಅದರಿಂದ ನಷ್ಟವಿಲ್ಲ.

ತೊಡಕು ಇರುವುದು ಬಾಕಿಯಲ್ಲಿ. ಕಡತ ಕಚೇರಿಯಿಂದ ಕಚೇರಿಗೆ ಅಲೆದು, ತಿಂಗಳಿಗೆ 30,000 ರೂಪಾಯಿಯಂತೆ ಮೂರು ವರ್ಷದ ಬಾಕಿಯು 2025-26ರಲ್ಲಿ ಒಟ್ಟಿಗೆ ಕೈಸೇರಿತೆನ್ನೋಣ: ಆ ವರ್ಷದ ಪಿಂಚಣಿಯೂ ಸೇರಿ 14.40 ಲಕ್ಷವಾಗಿ, 75,000ದ ಸಾಮಾನ್ಯ ಕಡಿತ ಕಳೆದ ಮೇಲೂ ಸೆಸ್ ಸಹಿತ 88,140 ರೂಪಾಯಿ ತೆರಿಗೆ ಬೀಳುತ್ತದೆ. ಆದರೆ ಬಾಕಿಯನ್ನು ಅದು ಸಲ್ಲಬೇಕಿದ್ದ ವರ್ಷಗಳಿಗೆ ಹಂಚಿ ಲೆಕ್ಕ ಹಾಕಲು 89ನೇ ಕಲಮು ಅವಕಾಶ ಕೊಡುವುದರಿಂದ, ಬೇರೆ ಆದಾಯವಿಲ್ಲದವರಿಗೆ ಅಷ್ಟೂ ತೆರಿಗೆ ಮನ್ನಾ ಆಗುತ್ತದೆ, ಕಡಿತವಾಗಿದ್ದರೆ ಮರಳಿ ಬರುತ್ತದೆ. ಇದಕ್ಕೆ 10-ಇ ನಮೂನೆಯನ್ನು ರಿಟರ್ನ್‌ಗಿಂತ ಮೊದಲೇ ಆನ್‌ಲೈನ್‌ನಲ್ಲಿ ಸಲ್ಲಿಸಬೇಕು. ಅದಿಲ್ಲದ ರಿಟರ್ನ್‌ನಲ್ಲಿ ಪರಿಹಾರ ಕೇಳಿದರೆ ಇಲಾಖೆ ಒಪ್ಪುವುದಿಲ್ಲ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದು ಕಲಮುಗಳ ಸಂಖ್ಯೆಗಳು ಬದಲಾಗುವುದನ್ನೂ ಗಮನಿಸಬೇಕು.

ಹಾಸಿಗೆ ಹಿಡಿದವರು ಕಲಬುರಗಿಗೆ ಬಂದು ಈ ಕೆಲಸ ಮಾಡಿಸಿಕೊಳ್ಳುವುದು ಸುಲಭವಲ್ಲ. ಆದ್ದರಿಂದ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ನಿವೃತ್ತ ನೌಕರರು, ಲೆಕ್ಕ ಬಲ್ಲ ಶಿಕ್ಷಕರು, ತೆರಿಗೆ ಸಲಹೆಗಾರರು ಅಂಥವರ ಮನೆಗೇ ಹೋಗಿ, ಯಾವ ವರ್ಷಕ್ಕೆ ಎಷ್ಟು ಬಾಕಿ ಎಂಬ ವಿವರಪಟ್ಟಿಯನ್ನು ಖಜಾನೆಯಿಂದಲೋ ಬ್ಯಾಂಕಿನಿಂದಲೋ ತರಿಸಿ, ನಮೂನೆ ತುಂಬಿಕೊಡಬೇಕೆಂದು ಕಳಕಳಿಯ ಮನವಿ. ಇನ್ನೂ ಸೇವೆಯಲ್ಲಿರುವಾಗಲೇ ಅಂಗವೈಕಲ್ಯಕ್ಕೆ ಒಳಗಾದವರಿಗೆ ನಿವೃತ್ತಿ ಪತ್ರಕ್ಕೆ ಸಹಿ ಹಾಕುವ ಮುನ್ನ ಇನ್ನೊಂದು ಮಾತನ್ನು ತಿಳಿಸಬೇಕು: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಕಲಮಿನಂತೆ ಸಾಮಾನ್ಯವಾಗಿ ಅವರನ್ನು ಕೆಲಸದಿಂದ ತೆಗೆಯುವಂತಿಲ್ಲ, ಅದೇ ವೇತನದಲ್ಲಿ ಬೇರೆ ಹುದ್ದೆ ಕೊಡಬೇಕು.